ಕಲ್ಪಿತ ನಾಡಿಗೆ ಮುಖವಾಡದ ಕಾವಲು ದೈವ: ತುಳುನಾಡಿನ ಮೊಗ ಹೇಳುವುದೇನು?

ಮೊಬೈಲ್ ಆಟಗಳಲ್ಲಿ, ಅನಿಮೇಷನ್ ಸರಣಿಗಳಲ್ಲಿ, ಚಿತ್ರಕಥೆಗಳಲ್ಲಿ ಹೊಸದಾಗಿ ಹುಟ್ಟುವ ಕಲ್ಪಿತ ನಾಡುಗಳಿಗೆ ಒಂದು ಭೂಪಟ, ಒಂದು ಲಾಂಛನ, ಒಂದು ಬಗೆಯ ಉಡುಪು ಇರುವಂತೆಯೇ ಈಗ ಮುಖವಾಡ ಧರಿಸಿದ ಕಾವಲು ದೈವವೂ ಇರುವುದು ಹೆಚ್ಚುಕಡಿಮೆ ರೂಢಿಯಾಗಿದೆ. ಕಾಡಿನ ನಾಡಿಗೆ ಕೊಂಬಿನ ಮುಖ, ಕಡಲಿನ ನಾಡಿಗೆ ಮೀನಿನ ಮುಖ ಎಂಬಂತೆ ಒಂದೊಂದು ಮುಖವಾಡವೂ ಒಂದಿಡೀ ಜನಾಂಗದ ಸಂಸ್ಕೃತಿಯ ಪ್ರತಿನಿಧಿಯಾಗಿ ತೆರೆಗೆ ಬರುತ್ತದೆ. 2022ರಲ್ಲಿ ಕರಾವಳಿಯ ದೈವಾರಾಧನೆಯ ಹಿನ್ನೆಲೆಯುಳ್ಳ ಕನ್ನಡ ಚಲನಚಿತ್ರವೊಂದು ದೇಶದಾದ್ಯಂತ ಜನಪ್ರಿಯವಾದ ಮೇಲಂತೂ ಇಂಥ ದೈವಗಳನ್ನು ಬಿಡಿಸುವ, ಬರೆಯುವ ಉತ್ಸಾಹ ಮಂಗಳೂರು, ಉಡುಪಿ, ಮಣಿಪಾಲದ ಯುವಜನರಲ್ಲೂ ಕಾಣುತ್ತಿದೆ. ಆದರೆ ಒಂದು ಮುಖವಾಡವು ನಾಡಿನ ಬದುಕನ್ನು ಹೊರುವುದು ಹೇಗೆ ಎಂಬ ಪ್ರಶ್ನೆಗೆ ಮುಖವಾಡವನ್ನಷ್ಟೇ ನೋಡುತ್ತ ಕುಳಿತರೆ ಉತ್ತರ ಸಿಗುವುದಿಲ್ಲ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಯೂ ಇಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳನ್ನೂ ಕೇರಳದ ಕಾಸರಗೋಡಿನ ಭಾಗವನ್ನೂ ಒಳಗೊಂಡ ತುಳುನಾಡಿನಲ್ಲಿ ಕಾವಲು ದೈವಗಳ ಒಂದು ದೊಡ್ಡ ವ್ಯವಸ್ಥೆಯೇ ಇಂದಿಗೂ ನಡೆಯುತ್ತಿದೆ. ಈ ಲೇಖನ ಅದನ್ನು ಮಾದರಿಯಾಗಿ ಇಟ್ಟುಕೊಂಡಿದೆ. ತುಳುನಾಡಿನ ದೈವಗಳು ನಂಬುವವರ ಪಾಲಿಗೆ ಕಥೆಯ ಪಾತ್ರಗಳಲ್ಲ, ಮನೆಯ ಹಿರಿಯರಷ್ಟೇ ನಿಜ ಎಂಬುದನ್ನು ಓದುಗರು ಉದ್ದಕ್ಕೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕೆಲವು ಪದಗಳು ಮೊದಲು

ಕಲ್ಪಿತ ನಾಡು ಎಂದರೆ ಬರಹಗಾರನೋ ಆಟದ ವಿನ್ಯಾಸಕನೋ ತನ್ನ ಕಥೆಗಾಗಿ ಕಟ್ಟಿಕೊಂಡ, ನಿಜವಾದ ಭೂಪಟದಲ್ಲಿ ಇಲ್ಲದ ದೇಶ. ಕಾವಲು ದೈವ ಎಂದರೆ ಆ ನಾಡಿನ ಯಾವುದಾದರೊಂದು ಸ್ಥಳವನ್ನು, ಕುಲವನ್ನು, ಕಸುಬನ್ನು ಅಥವಾ ಕಟ್ಟಳೆಯನ್ನು ಕಾಯುವ ಶಕ್ತಿ. ಅದು ಲೋಕವನ್ನೇ ಸೃಷ್ಟಿಸಿದ ಮಹಾದೇವರಲ್ಲ. ಎಲ್ಲ ಕಡೆಯೂ ಇರುವುದಿಲ್ಲ, ಎಲ್ಲರಿಗೂ ಸೇರಿದ್ದೂ ಅಲ್ಲ. ಈ ಮಿತಿಯೇ ಅದರ ಮುಖ್ಯ ಲಕ್ಷಣ.

ತುಳುನಾಡಿನಲ್ಲಿ ಇಂಥ ಶಕ್ತಿಗಳನ್ನು ಭೂತ ಅಥವಾ ದೈವ ಎನ್ನುತ್ತಾರೆ. ವರ್ಷಕ್ಕೊಮ್ಮೆಯೋ ಹರಕೆಯ ಪ್ರಕಾರವೋ, ಸಾಮಾನ್ಯವಾಗಿ ರಾತ್ರಿಯಿಡೀ ನಡೆಯುವ ಸೇವೆಗೆ ಕೋಲ ಅಥವಾ ನೇಮ ಎಂದು ಹೆಸರು. ಚಿಕ್ಕ ಪ್ರಮಾಣದ ಸೇವೆ ತಂಬಿಲ. ದೈವದ ಹುಟ್ಟು, ಸಂಚಾರ, ನೆಲೆಯಾದ ಬಗೆಯನ್ನು ಹೇಳುವ ತುಳು ಹಾಡು ಪಾಡ್ದನ. ದೈವವು ಕಣ್ಣಿಗೆ ಕಾಣದಂತೆ ಇರುವ ಸ್ಥಿತಿ ಮಾಯ, ಮೈದಳೆದು ಕಾಣಿಸಿಕೊಳ್ಳುವ ಸ್ಥಿತಿ ಜೋಗ. ಮಾಯದಲ್ಲಿ ಇರುವುದನ್ನು ಒಂದು ರಾತ್ರಿಯ ಮಟ್ಟಿಗೆ ಜೋಗಕ್ಕೆ ಬರಮಾಡಿಕೊಳ್ಳುವುದೇ ಕೋಲ. ಮೊಗವೆಂದು ಕರೆಯಲಾಗುವ ಮುಖವಾಡ ಈ ಕೆಲಸಕ್ಕೆ ಒದಗುವ ಹಲವು ವಸ್ತುಗಳಲ್ಲಿ ಒಂದು.

ಮುಖವಾಡವೇ ಏಕೆ?

ಕಥೆ ಕಟ್ಟುವವರಿಗೆ ಮುಖವಾಡ ಇಷ್ಟವಾಗುವುದಕ್ಕೆ ಸುಲಭವಾದ ಕಾರಣವೊಂದಿದೆ: ದೂರದಿಂದ, ಅರೆಬೆಳಕಿನಲ್ಲಿ, ಬರೀ ನೆರಳಾಗಿ ಕಂಡರೂ ಗುರುತು ಸಿಗುತ್ತದೆ. ತೆಂಗಿನ ಗರಿಯ ದೀವಟಿಗೆಯ ಬೆಳಕಿನಲ್ಲಿ ಅಂಗಳದ ಅಂಚಿನಲ್ಲಿ ಕುಳಿತು ನೋಡುವವರಿಗೂ ಈ ಅನುಕೂಲ ಇದ್ದೇ ಇತ್ತು. ಎರಡನೆಯ ಕಾರಣ ಇನ್ನೂ ಆಳದ್ದು. ಮನುಷ್ಯನ ಮುಖಕ್ಕೆ ವಯಸ್ಸಾಗುತ್ತದೆ, ಮುಖವಾಡಕ್ಕೆ ಆಗುವುದಿಲ್ಲ. ಅದನ್ನು ಧರಿಸುವ ವ್ಯಕ್ತಿ ತಲೆಮಾರಿನಿಂದ ತಲೆಮಾರಿಗೆ ಬದಲಾದರೂ ಮಾತು ದೈವದ್ದೇ ಆಗಿ ಉಳಿಯುತ್ತದೆ.

ಇದನ್ನು ಕಚೇರಿಯ ಮೊಹರಿಗೆ ಹೋಲಿಸಬಹುದು. ಅಧಿಕಾರವುಳ್ಳವರು, ಸರಿಯಾದ ಕಾಗದದ ಮೇಲೆ, ಕ್ರಮಪ್ರಕಾರ ಒತ್ತಿದಾಗ ಮಾತ್ರ ಮೊಹರು ಆದೇಶವಾಗುತ್ತದೆ. ಅದನ್ನೇ ಬೇರೆ ಯಾರೋ ಎತ್ತಿಕೊಂಡು ಹೋಗಿ ಎಲ್ಲೋ ಒತ್ತಿದರೆ ಅದಕ್ಕೆ ಬೆಲೆಯಿಲ್ಲ. ಮೊಗವೂ ಹಾಗೆಯೇ, ಯಾರು, ಎಲ್ಲಿ, ಯಾವ ಕ್ರಮದಲ್ಲಿ ಧರಿಸುತ್ತಾರೆ ಎಂಬುದರಿಂದ ಅಧಿಕಾರ ಪಡೆಯುತ್ತದೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ, ಏಕೆಂದರೆ ಬಳಕೆಯಲ್ಲಿ ಇಲ್ಲದಾಗ ಮೊಹರು ಮೇಜಿನ ಖಾನೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ, ಮೊಗಕ್ಕೆ ಹಾಗಲ್ಲ. ಮೊಗ, ಖಡ್ಸಲೆ ಎಂಬ ಕತ್ತಿ, ಗಂಟೆ, ಆಭರಣ ಇವೆಲ್ಲ ಸೇರಿ ದೈವದ ಭಂಡಾರವೆನಿಸುತ್ತವೆ. ಅದಕ್ಕೆ ಪ್ರತ್ಯೇಕ ಕೋಣೆಯೋ ಮನೆಯೋ ಇರುತ್ತದೆ, ಅಲ್ಲಿ ದೀಪ ಹಚ್ಚುವ ಕ್ರಮವಿರುತ್ತದೆ.

ಇನ್ನೊಂದು ವಿಷಯ ಹೊರಗಿನವರನ್ನು ಅಚ್ಚರಿಗೊಳಿಸಬಹುದು. ಎಲ್ಲ ದೈವಗಳಿಗೂ ಮೊಗವಿಲ್ಲ. ಹಲವು ದೈವಗಳಿಗೆ ಮುಖದ ಬಣ್ಣವೇ ಮುಖ. ಗುಳಿಗನಂಥ ದೈವ ಎಷ್ಟೋ ಕಡೆ ಮರದ ಬುಡದ ಒಂದು ಕಲ್ಲಿನಲ್ಲಿ ನೆಲೆಯಾಗಿರುತ್ತದೆ. ಕೊರಗಜ್ಜ ಎಂಬ ದೈವದ ಗುರುತು ಎಂದರೆ ಅಡಿಕೆ ಹಾಳೆಯ ಟೋಪಿಯಾದ ಮುಟ್ಟಾಳೆ. ಮಂಗಳೂರಿನ ಹೊರವಲಯದ ಕುತ್ತಾರಿನ ಕಟ್ಟೆಗೆ ಭಕ್ತರು ಒಯ್ಯುವುದು ಚಕ್ಕುಲಿ, ವೀಳ್ಯದೆಲೆ, ಶೇಂದಿ. ಕಾವಲು ದೈವವೆಂದರೆ ಮುಖವಾಡ ಇರಲೇಬೇಕು ಎಂಬ ಭಾವನೆ ತೆರೆಯಿಂದ ಬಂದದ್ದೇ ಹೊರತು ಅಂಗಳದಿಂದ ಬಂದದ್ದಲ್ಲ.

ಮೊಗ ಬರುವ ಮುನ್ನ

ಕೋಲದ ಸಿದ್ಧತೆ ಕೆಲವು ದಿನ ಮೊದಲೇ ಗೊನೆ ಮುಹೂರ್ತದಿಂದ, ಅಂದರೆ ಬಾಳೆಗೊನೆ ಕಡಿಯುವುದರಿಂದ ಆರಂಭವಾಗುತ್ತದೆ. ನಿಗದಿಯಾದ ದಿನ ಭಂಡಾರವನ್ನು ವಾದ್ಯ, ದೀವಟಿಗೆಗಳೊಂದಿಗೆ ಭಂಡಾರದ ಮನೆಯಿಂದ ಕೋಲದ ಜಾಗಕ್ಕೆ ತರುತ್ತಾರೆ. ದೈವ ಕಟ್ಟುವವರು, ಅಂದರೆ ವೇಷ ಧರಿಸಿ ದೈವವನ್ನು ಮೈಮೇಲೆ ಬರಮಾಡಿಕೊಳ್ಳುವವರು, ನಲಿಕೆ, ಪರವ, ಪಂಬದ ಸಮುದಾಯಗಳವರು. ಅವರಿಗೆ ಎಣ್ಣೆ, ವೀಳ್ಯ ಕೊಟ್ಟು ಈ ರಾತ್ರಿಯ ಜವಾಬ್ದಾರಿಯನ್ನು ಒಪ್ಪಿಸುವ ವಿಧಿಗೆ ಎಣ್ಣೆಬೂಳ್ಯ ಎಂದು ಹೆಸರು. ಅದನ್ನು ಸ್ವೀಕರಿಸಿ ಮಿಂದು ಬಂದ ಮೇಲೆಯೇ ಬಣ್ಣಕ್ಕೆ ಕೂರುವುದು.

ಚೌಕಿಯ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದ, ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಮುಖವಾಡಕ್ಕಿಂತ ಮೊದಲೇ ಎಷ್ಟು ಬದಲಾವಣೆ ಆಗಿಹೋಗಿರುತ್ತದೆ ಎಂಬುದು ತಿಳಿಯುತ್ತದೆ. ಅರದಾಳದ ಹಳದಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿಯುತ್ತಾರೆ. ಅದರ ಮೇಲೆ ಕಪ್ಪು, ಕೆಂಪು, ಬಿಳಿಯ ಗೆರೆಗಳು ಆಯಾ ದೈವಕ್ಕೆ ಗೊತ್ತಾದ ರೀತಿಯಲ್ಲಿ ಏಳುತ್ತವೆ. ಬಣ್ಣ ಸಾಗುತ್ತಿರುವಾಗಲೇ ದೈವ ಕಟ್ಟುವವರ ಮನೆತನದ ಹೆಂಗಸೊಬ್ಬರು ತೆಂಬರೆ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತ ಪಾಡ್ದನ ಹೇಳುತ್ತಾರೆ. ಗೆರೆ ಮತ್ತು ಕಥೆ ಎರಡೂ ಒಟ್ಟಿಗೆ ಮುಗಿಯುವಂತೆ ತೋರುವ ಆ ಹೊತ್ತಿಗೆ, ಕುಳಿತಿರುವವರನ್ನು ಮೊದಲಿನ ಹೆಸರಿನಿಂದ ಕರೆಯಲು ಸುತ್ತಲಿದ್ದವರೇ ಹಿಂಜರಿಯುತ್ತಾರೆ. ಸೊಂಟಕ್ಕೆ ತೆಂಗಿನ ಎಳೆಗರಿಯ ಸಿರಿ ಕಟ್ಟಲಾಗುತ್ತದೆ, ತಲೆಗೆ ಕೇಪುಳದ ಹೂ ಬರುತ್ತದೆ.

ಬಳಿಕ ಗಗ್ಗರ. ಟೊಳ್ಳಾದ ಲೋಹದ ಬಳೆಯೊಳಗೆ ಸಣ್ಣ ಹರಳುಗಳನ್ನು ತುಂಬಿದ ಈ ಕಾಲ್ಗಡಗ ತೂಕದ ವಸ್ತು. ಹೆಜ್ಜೆಯಿಟ್ಟಾಗ ಅದರ ಸದ್ದು ಗೆಜ್ಜೆಯ ಕಿಣಿಕಿಣಿಯಂತಿರದೆ ಒತ್ತಿಬರುವ ಮಳೆಯಂತೆ ದಪ್ಪವಾಗಿರುತ್ತದೆ. ಅಪ್ಪಣೆ ಪಡೆದು ಗಗ್ಗರವನ್ನು ಕಾಲಿಗೆ ಏರಿಸಿದ ಮೇಲೆ ಕುಣಿತ, ಆವೇಶ. ಅಣಿ, ಅಂದರೆ ಬೆನ್ನಿಗೆ ಕಟ್ಟುವ, ಆಳಿಗಿಂತ ಎತ್ತರಕ್ಕೆ ಹೋಗಬಲ್ಲ ಪ್ರಭಾವಳಿ, ಇನ್ನೊಂದು ಹಂತದಲ್ಲಿ ಬರುತ್ತದೆ. ಮೊಗ ಬರುವುದು ಇಷ್ಟೆಲ್ಲ ಆದ ಮೇಲೆ, ಅದೂ ಸೀಮಿತ ಅವಧಿಗೆ. ಮೊಗವು ಮರದ್ದಿರಬಹುದು, ಹಾಳೆಯದ್ದಿರಬಹುದು. ದೊಡ್ಡ ದೈವಸ್ಥಾನಗಳಲ್ಲಿ ಮೇಣದ ಮಾದರಿ ಮಾಡಿ ಎರಕ ಹೊಯ್ದ ಕಂಚು, ಹಿತ್ತಾಳೆಯದ್ದೋ ಬೆಳ್ಳಿಯದ್ದೋ ಆಗಿರುತ್ತದೆ. ಹಂದಿಯ ಸ್ವರೂಪದ ದೈವವಾದ ಪಂಜುರ್ಲಿಯ ಲೋಹದ ಮೊಗವನ್ನು ನೋಡಿ: ಮುಂದಕ್ಕೆ ಚಾಚಿದ ಹಂದಿಯ ಮೂತಿ, ಮೇಲಕ್ಕೆ ತಿರುಗಿದ ಕೋರೆ, ನಿಮಿರಿದ ಕಿವಿ, ಹೊರಬಿದ್ದ ನಾಲಗೆ, ಕೆಲವದರಲ್ಲಿ ಕೀಲು ಹಾಕಿ ಅಲುಗಾಡುವಂತೆ ಮಾಡಿದ ಕೆಳದವಡೆ. ಭಾರದ ಕಾರಣಕ್ಕೆ ಅದನ್ನು ಕೈಯಿಂದ ಆತುಕೊಳ್ಳುವುದೂ, ಮುಖ ಮುಚ್ಚದಂತೆ ನೆತ್ತಿಯ ಮೇಲೆ ಧರಿಸುವುದೂ ಉಂಟು. ನೋಡುವವರಿಗೆ ಬಣ್ಣದ ಮನುಷ್ಯಮುಖವೂ ಲೋಹದ ಪ್ರಾಣಿಮುಖವೂ ಒಟ್ಟಿಗೆ ಕಾಣುತ್ತವೆ. ಮುಖವಾಡ ಇಲ್ಲಿ ಮುಖವನ್ನು ಮರೆಮಾಡಲು ಬಂದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ದೈವದ ಕಥೆಯೊಳಗೆ ನಾಡಿನ ಕಥೆ

ಸಂಸ್ಕೃತಿಯ ಪ್ರತಿನಿಧಿ ಎಂಬ ಮಾತು ಬಂದಾಗ ಕಲ್ಪಿತ ನಾಡು ಕಟ್ಟುವವರು ಸಾಮಾನ್ಯವಾಗಿ ಆ ಜನರ ಹೆಮ್ಮೆಯ ಗುಣಗಳನ್ನು ದೈವಕ್ಕೆ ತೊಡಿಸುತ್ತಾರೆ: ಶೌರ್ಯ, ಜ್ಞಾನ, ಸೌಂದರ್ಯ. ತುಳುನಾಡಿನ ಪಾಡ್ದನಗಳು ಬೇರೆ ದಾರಿ ಹಿಡಿದಿವೆ. ಅಲ್ಲಿ ದೈವವಾದವರಲ್ಲಿ ಬಹಳಷ್ಟು ಮಂದಿ ಅನ್ಯಾಯಕ್ಕೆ ಸಿಕ್ಕಿದವರು, ಅಕಾಲದಲ್ಲಿ ಮಾಯವಾದವರು, ಅಥವಾ ಜನರನ್ನು ಕಾಡುತ್ತಿದ್ದ ಪ್ರಾಣಿಗಳು.

ಪಂಜುರ್ಲಿಯ ಕಥೆಯ ಒಂದು ಪಾಠದಲ್ಲಿ ಪಾರ್ವತಿ ಮುದ್ದಿನಿಂದ ಸಾಕಿದ ಹಂದಿಮರಿ ಬೆಳೆದು ಈಶ್ವರನ ತೋಟವನ್ನೇ ಹಾಳುಮಾಡುತ್ತದೆ. ಕೋಪಗೊಂಡ ಈಶ್ವರ ಕೊನೆಗೆ ಅದನ್ನು ಜನರನ್ನು ಕಾಯಲೆಂದು ಭೂಲೋಕಕ್ಕೆ ಕಳುಹಿಸುತ್ತಾನೆ. ಗದ್ದೆಯ ಬದುವಿನಲ್ಲಿ ರಾತ್ರಿ ಕಾವಲು ಕೂತು ಕಾಡುಹಂದಿ ಓಡಿಸಿದ ರೈತನಿಗೆ ಈ ಕಥೆಯ ತರ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ತಿನ್ನುವ ಶಕ್ತಿಯನ್ನೇ ಬೆಳೆ ಕಾಯುವ ಹೊಣೆಗೆ ಒಪ್ಪಿಸಲಾಗಿದೆ. ಹುಲಿಯ ಸ್ವರೂಪದ ಪಿಲಿಚಾಮುಂಡಿ, ಕೋಣದ ಸ್ವರೂಪದ ಮೈಸಂದಾಯ ಇವರೂ ಇದೇ ಕಾಡು, ಗದ್ದೆ, ಹಟ್ಟಿಗಳ ಲೋಕದಿಂದ ಬಂದವರು.

ಕಲ್ಕುಡ–ಕಲ್ಲುರ್ಟಿಯರ ಕಥೆ ಮನುಷ್ಯರದು. ಪಾಡ್ದನದ ಪ್ರಕಾರ ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ. ಇಂಥದ್ದನ್ನು ಇನ್ನೆಲ್ಲೂ ಮಾಡಬಾರದೆಂದು ಕಾರ್ಕಳದ ಅರಸ ಭೈರರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಉಳಿದ ಒಂದೇ ಕೈಯಿಂದ ಅವನು ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ನಿಲ್ಲಿಸುತ್ತಾನೆ. ಅಣ್ಣನಿಗಾದ ಅನ್ಯಾಯ ತಿಳಿದ ತಂಗಿ ಕಲ್ಲುರ್ಟಿ ಅವನೊಂದಿಗೆ ಮಾಯ ಸೇರಿ ಅರಸನ ಮೇಲೆ ಸೇಡು ತೀರಿಸಿಕೊಳ್ಳುತ್ತಾಳೆ. ಕಾರ್ಕಳದ ಮೂರ್ತಿ ಸ್ಥಾಪನೆಯಾದದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವೆ 172 ವರ್ಷಗಳ ಅಂತರವಿರುವುದರಿಂದ ಒಬ್ಬನೇ ಶಿಲ್ಪಿ ಎರಡನ್ನೂ ಕೆತ್ತಿರಲಾರ. ಪಾಡ್ದನಕ್ಕೆ ಈ ಲೆಕ್ಕದ ಗೊಡವೆಯಿಲ್ಲ. ದುಡಿದ ಕೈಯನ್ನೇ ಕಡಿದ ಅಧಿಕಾರವನ್ನು ಜನ ಹೇಗೆ ನೆನಪಿಟ್ಟುಕೊಂಡರು ಎಂಬುದನ್ನು ಅದು ಹೇಳುತ್ತದೆ. ಕಲ್ಲುರ್ಟಿಯ ಮುಂದೆ ನ್ಯಾಯ ಕೇಳಲು ಬರುವವರಿಗೆ ಆಕೆ ಯಾಕೆ ಕೇಳಿಸಿಕೊಳ್ಳುತ್ತಾಳೆ ಎಂಬುದು ಈ ಕಥೆಯಿಂದಲೇ ಗೊತ್ತು.

ಕಡಲತೀರಕ್ಕೆ ಬಂದರೆ ಬೊಬ್ಬರ್ಯ. ಮೊಗವೀರರು ವಿಶೇಷವಾಗಿ ನಂಬುವ ಈ ದೈವವನ್ನು ಪಾಡ್ದನಗಳು ಬ್ಯಾರಿ ವರ್ತಕನ ಮಗನೆಂದೂ, ಕಡಲಿಗೆ ಇಳಿದು ಅಲ್ಲೇ ಮಾಯವಾದವನೆಂದೂ ಹೇಳುತ್ತವೆ. ಹಿಂದೂ ಮೀನುಗಾರರ ಕಾವಲಿಗೆ ಮುಸ್ಲಿಂ ಮೂಲದ ದೈವ ನಿಂತಿರುವುದರಲ್ಲಿ ಈ ತೀರದ ಶತಮಾನಗಳ ಹಡಗು ವ್ಯಾಪಾರದ ಇತಿಹಾಸವಿದೆ. ಹೀಗೆ ನೋಡಿದರೆ ಒಂದೊಂದು ದೈವವೂ ಒಂದೊಂದು ಕಸುಬಿನ, ಒಂದೊಂದು ಭಯದ, ಒಂದೊಂದು ತೀರಿಸದ ಸಾಲದ ದಾಖಲೆ. ಇವೆಲ್ಲಕ್ಕೂ ಸೇರಿ ಒಂದೇ ಮುಖ ಕೊಡಲು ಹೊರಟವರಿಗೆ ತುಳುನಾಡು ಸಿಗಲಾರದು.

ಕಾವಲಿಗೆ ಗಡಿಯುಂಟು, ಹೊಣೆಯುಂಟು

ತೆರೆಯ ಮೇಲಿನ ಕಾವಲು ದೈವ ಹೆಚ್ಚಾಗಿ ಒಂಟಿ. ಅಪಾಯ ಬಂದಾಗ ಎದ್ದು ಹೋರಾಡುತ್ತದೆ, ಮತ್ತೆ ಮರೆಯಾಗುತ್ತದೆ. ತುಳುನಾಡಿನಲ್ಲಿ ದೈವದ ಸುತ್ತ ಒಂದು ಆಡಳಿತವೇ ಇದೆ. ಕುಟುಂಬದ ದೈವ, ಗ್ರಾಮದ ದೈವ, ಹಲವು ಗ್ರಾಮ ಸೇರಿದ ಮಾಗಣೆಯ ಮತ್ತು ಸೀಮೆಯ ದೈವ ಎಂದು ಅಧಿಕಾರದ ವ್ಯಾಪ್ತಿ ಹರಡುತ್ತದೆ. ಗ್ರಾಮದ ಪ್ರಮುಖ ಮನೆತನವಾದ ಗುತ್ತಿನ ಯಜಮಾನರಿಗೆ ಒಂದು ಸ್ಥಾನ, ಪೂಜೆ ಮಾಡುವವರಿಗೆ ಒಂದು, ದೀವಟಿಗೆ ಹಿಡಿಯುವವರಿಗೆ, ವಾದ್ಯದವರಿಗೆ, ಬಟ್ಟೆ ಒದಗಿಸುವವರಿಗೆ ಒಂದೊಂದು. ಕೆಲಸಗಳ ಈ ಹಂಚಿಕೆ ಜಾತಿಗಳ ನಡುವೆ ಆಗಿರುವುದರಿಂದ ಕೋಲದ ಅಂಗಳದಲ್ಲಿ ಹಳೆಯ ಗ್ರಾಮವ್ಯವಸ್ಥೆ, ಅದರ ಮೇಲುಕೀಳಿನ ಸಮೇತ, ಕಣ್ಣೆದುರು ನಿಲ್ಲುತ್ತದೆ.

ದೈವ ನುಡಿ ಕೊಡುವಾಗ ಗುತ್ತಿನವರನ್ನೂ ಸಮುದಾಯಗಳ ಪ್ರಮುಖರನ್ನೂ ಕ್ರಮ ತಪ್ಪದೆ ಹೆಸರಿಸಿ ಮಾತನಾಡಿಸುತ್ತದೆ. ಆ ಕ್ರಮ ವ್ಯತ್ಯಾಸವಾದರೆ ಅಸಮಾಧಾನ ಖಚಿತ. ಜಮೀನಿನ ತಕರಾರು, ಮನೆಯೊಳಗಿನ ಮನಸ್ತಾಪ, ಕಳವು, ಕಾಯಿಲೆ ಇವೆಲ್ಲ ಅಲ್ಲಿ ಅರಿಕೆಯಾಗುತ್ತವೆ. ಹೇಳಿದ ಹರಕೆ ತೀರಿಸದ ಯಜಮಾನನನ್ನು ಎಲ್ಲರೆದುರು ಪ್ರಶ್ನಿಸುವುದೂ ಉಂಟು. ಪರಿಶಿಷ್ಟ ಜಾತಿಗೆ ಸೇರಿದ ದೈವ ಕಟ್ಟುವವರ ಮುಂದೆ ಊರಿನ ದೊಡ್ಡ ಮನೆತನದವರು ಆ ರಾತ್ರಿ ಕೈಮುಗಿದು ನಿಲ್ಲುತ್ತಾರೆ. ಬೆಳಗಾದ ಮೇಲೆ ಹಳೆಯ ಅಂತರಗಳು ಎಷ್ಟರಮಟ್ಟಿಗೆ ಮರಳುತ್ತವೆ ಎಂಬುದು ದೈವಾರಾಧನೆಯನ್ನು ಅಧ್ಯಯನ ಮಾಡುವವರು ಮತ್ತೆ ಮತ್ತೆ ಎತ್ತಿದ ಪ್ರಶ್ನೆ.

ಆದ್ದರಿಂದ ಕಲ್ಪಿತ ನಾಡಿನ ದೈವವೊಂದನ್ನು ನಿರೂಪಿಸುವವರು ಕೋರೆ ಎಷ್ಟುದ್ದ, ಬಣ್ಣ ಯಾವುದು ಎಂಬಲ್ಲಿಂದ ಹೊರಟರೆ ಉಡುಪಿನ ಚಿತ್ರವಷ್ಟೇ ಸಿಗುತ್ತದೆ. ಈ ದೈವದ ಗಡಿ ಯಾವ ಹೊಳೆಗೆ ಮುಗಿಯುತ್ತದೆ, ಅದಕ್ಕೆ ದೀಪ ಇಡುವ ಹೊಣೆ ಯಾರದು, ಅದರೆದುರು ಬಾಯಿ ತೆರೆಯುವ ಹಕ್ಕು ಯಾರಿಗಿದೆ, ತಪ್ಪಿದರೆ ದಂಡವೇನು ಎಂದು ಕೇಳುತ್ತ ಹೋದಾಗ ನಾಡು ತಾನಾಗಿ ಮೂಡುತ್ತದೆ. ಮುಖ ಅದರ ಹಿಂದೆ ಬರುತ್ತದೆ.

ಬೇರೆ ನೆಲಗಳಲ್ಲಿ

ಈ ತರ್ಕ ತುಳುನಾಡಿಗೆ ಮಾತ್ರ ಸೀಮಿತವಲ್ಲ. ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಬರೋಂಗ್ ಎಂಬ ಕಾವಲು ಶಕ್ತಿಯ ಮುಖವಾಡಗಳು ದೇಗುಲಗಳಲ್ಲಿ ಇರುತ್ತವೆ. ಸಿಂಹ, ಹುಲಿ, ಹಂದಿ ಎಂದು ಬರೋಂಗಿನ ರೂಪ ಬದಲಾಗುತ್ತದೆ. ಅಲ್ಲಿ ಪವಿತ್ರ ಮುಖವಾಡಕ್ಕೆ ಬಳಸುವ ಪುಲೆ ಎಂಬ ಮರ, ಆಟಿ ಅಮಾವಾಸ್ಯೆಯ ಬೆಳಗ್ಗೆ ನಮ್ಮ ಕರಾವಳಿಯ ಮನೆಮನೆಯಲ್ಲಿ ತೊಗಟೆಯ ಕಷಾಯವಾಗಿ ಗಂಟಲಿಗೆ ಇಳಿಯುವ ಪಾಲೆಯ ಮರವೇ. ಜಪಾನಿನ ಅಕಿಟಾ ಪ್ರಾಂತ್ಯದ ಓಗಾದಲ್ಲಿ ಡಿಸೆಂಬರ್ 31ರ ರಾತ್ರಿ ನಾಮಾಹಾಗೆ ಎಂಬ ಮುಖವಾಡದ ದೈವಗಳು ಹುಲ್ಲಿನ ಉಡುಪು ತೊಟ್ಟು ಮನೆಗಳಿಗೆ ಬಂದು ಸೋಮಾರಿಗಳನ್ನು, ಹಟಮಾರಿ ಮಕ್ಕಳನ್ನು ಗದರಿಸುತ್ತವೆ. ಇಂಥ ಹತ್ತು ಜಪಾನಿ ಆಚರಣೆಗಳನ್ನು ಯುನೆಸ್ಕೊ 2018ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಈ ಕಡೆಗಳಲ್ಲೂ ಮುಖವಾಡಕ್ಕೆ ದಿನವುಂಟು, ದಾರಿಯುಂಟು, ಎದುರುಗೊಳ್ಳುವ ಮನೆಯುಂಟು.

ಎರವಲು ಪಡೆಯುವ ಪ್ರಶ್ನೆ

ದೈವದ ವೇಷವನ್ನು ಮೆರವಣಿಗೆಗಳಲ್ಲಿ, ವೇದಿಕೆಗಳಲ್ಲಿ, ರೀಲ್ಸ್‌ಗಳಲ್ಲಿ ಅನುಕರಿಸುವುದಕ್ಕೆ ಕರಾವಳಿಯಲ್ಲಿ ಹಲವು ಬಾರಿ ಆಕ್ಷೇಪ ವ್ಯಕ್ತವಾಗಿದೆ. ಆಕ್ಷೇಪದ ಹಿಂದಿನ ಕಾರಣ ಮೇಲಿನ ವಿವರಗಳಿಂದಲೇ ತಿಳಿಯುತ್ತದೆ: ಎಣ್ಣೆಬೂಳ್ಯವಿಲ್ಲದೆ, ಅಪ್ಪಣೆಯಿಲ್ಲದೆ, ಸಂಬಂಧಪಟ್ಟ ಸಮುದಾಯವಿಲ್ಲದೆ ಕಟ್ಟಿದ ಅಣಿ ನಂಬಿದವರ ಕಣ್ಣಿಗೆ ಹಕ್ಕಿಲ್ಲದವರು ಒತ್ತಿದ ಮೊಹರಿನಂತೆಯೇ ಕಾಣುತ್ತದೆ. ಇನ್ನು ಕೆಲವರು, ಕಲೆಗೆ ಇಂಥ ಬೇಲಿ ಹಾಕಬಾರದು ಎನ್ನುತ್ತಾರೆ. ಇರುವ ದೈವವೊಂದರ ಹೆಸರು, ಬಣ್ಣದ ಗೆರೆ, ನುಡಿಯ ಧಾಟಿಯನ್ನು ಹಾಗೆಯೇ ಎತ್ತಿಕೊಳ್ಳುವುದಕ್ಕೂ, ದೈವವೊಂದು ನೆಲಕ್ಕೆ ಕಟ್ಟುಬೀಳುವ ಬಗೆಯನ್ನು ಅರಿತು ತನ್ನದೇ ದೈವವನ್ನು ಕಲ್ಪಿಸುವುದಕ್ಕೂ ವ್ಯತ್ಯಾಸವಿದೆ. ಜಗಳವೆಲ್ಲ ಬಹುಪಾಲು ಮೊದಲನೆಯದರ ಸುತ್ತಲೇ ನಡೆದಿದೆ.

ಈ ಚರ್ಚೆಯಲ್ಲಿ ದೈವ ಕಟ್ಟುವವರ ಬದುಕಿನ ವಿಷಯ ಹಿಂದೆ ಸರಿಯುವುದುಂಟು. ರಾತ್ರಿಯಿಡೀ ಕುಣಿಯುವ, ಕೆಲವು ದೈವಗಳ ಸೇವೆಯಲ್ಲಿ ಬೆಂಕಿಗೂ ಮೈಯೊಡ್ಡುವ ಈ ಕೆಲಸಕ್ಕೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅವಕಾಶ. 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತು.

ನೋಡಬಯಸುವವರಿಗೆ

ಕೋಲಗಳ ಕಾಲ ದೀಪಾವಳಿಯ ನಂತರ ಮೊದಲುಗೊಂಡು ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಮುಗಿಯುತ್ತದೆ. ಮಳೆಗಾಲದಲ್ಲಿ ಬಂದು ಕೋಲ ಎಲ್ಲಿದೆ ಎಂದು ಕೇಳಿದರೆ ಪ್ರಯೋಜನವಿಲ್ಲ. ಊರಿನ ಕೋಲಕ್ಕೆ ಸಾಮಾನ್ಯವಾಗಿ ಹೊರಗಿನವರಿಗೆ ಅಡ್ಡಿಯಿರುವುದಿಲ್ಲ, ಆದರೆ ಚಿತ್ರೀಕರಣವನ್ನು ನಿಷೇಧಿಸಿರುವ ಸ್ಥಳಗಳಿವೆ. ಮೊಬೈಲ್ ತೆಗೆಯುವ ಮುನ್ನ ಮನೆಯವರನ್ನೋ ಆಡಳಿತದವರನ್ನೋ ಕೇಳುವುದು ಒಳ್ಳೆಯದು. ಮೊಗಕ್ಕಿಂತ ಬೇರೆಯಾದ, ಮರದಲ್ಲಿ ಕೆತ್ತಿ ಕೆಂಪು ಬಣ್ಣ ಹಚ್ಚಿದ ಆಳೆತ್ತರದ ದೈವಮೂರ್ತಿಗಳನ್ನು ಉಡುಪಿ ಜಿಲ್ಲೆಯ ಬಾರ್ಕೂರು ಸಮೀಪದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದಲ್ಲಿ ನೋಡಬಹುದು. ಅಲ್ಲಿನ ಹಳೆಯ ಮೂರ್ತಿಗಳಲ್ಲಿ ಕೆಲವು ಈಗ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಚಿತ್ರ ಬಿಡಿಸಲು ಕಲಿಯುವವರು ಸಾಧ್ಯವಾದರೆ ಎರಡು ಕಡೆಯನ್ನೂ ನೋಡಬೇಕು, ಮೆಕ್ಕೆಕಟ್ಟನ್ನು ಮೊದಲು.